ಐದು ಸ್ಪೀಕರು, ಒಂದು ಕುರ್ಚಿ

ನಾನು ಸ್ಕೂಲಿಗೆ ಹೋದದ್ದು ಏಳನೇ ಕ್ಲಾಸಿನವರೆಗೆ, ಅದರಲ್ಲೂ ಏಳನೆಯದು ಅರ್ಧ. ಮಿಕ್ಕಿದ್ದನ್ನೆಲ್ಲ ಕಲಿಸಿದ್ದು ಕರೆಂಟು. ಅದು ಒಳ್ಳೆಯ ಮೇಷ್ಟ್ರು. ತಪ್ಪು ಮಾಡಿದವನಿಗೆ ಅಲ್ಲೇ ಬಾರಿಸುತ್ತದೆ, ನಾಳೆಗೆ ಇಟ್ಟುಕೊಳ್ಳುವುದಿಲ್ಲ. ಮಾಗಡಿ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು, ಸುಟ್ಟುಹೋದ ಆಂಪ್ಲಿಫೈಯರುಗಳ ಹೊಟ್ಟೆ ಬಗೆದು ಬಗೆದು, ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ವಿದ್ಯೆ ಕಲಿತೆ. ಹೀಗೆ ಕಲಿತವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಗುರುವಿನ ಹತ್ತಿರ ಕಲಿತವನಿಗೆ ತನಗೆ ಏನು ಬರುವುದಿಲ್ಲ ಅನ್ನುವುದಾದರೂ ಗೊತ್ತಿರುತ್ತದೆ. ನಮ್ಮಂಥವರಿಗೆ ಅದೂ ಗೊತ್ತಿರುವುದಿಲ್ಲ.

ಹೆಸರು ಮುದ್ದಹನುಮಯ್ಯ. ಬನಶಂಕರಿ, ಹೊಸಕೆರೆಹಳ್ಳಿ, ತ್ಯಾಗರಾಜನಗರದ ಹಳಬರಿಗೆ ಮೈಕ್ ಹನುಮಯ್ಯ. ಗಣೇಶನ ಹಬ್ಬದಲ್ಲಿ ಗಣಪತಿಗಿಂತ ಮೊದಲು ಬೀದಿಗೆ ಬರುತ್ತಿದ್ದವನು ನಾನು. ಮದುವೆ, ನಾಮಕರಣ, ರಾಜ್ಯೋತ್ಸವ, ಓಟು ಕೇಳುವವರ ಭಾಷಣ ಎಲ್ಲದಕ್ಕೂ ನನ್ನ ಕಹಳೆ ಸ್ಪೀಕರುಗಳೇ ಲೈಟುಕಂಬ ಹತ್ತುತ್ತಿದ್ದವು. ಶಬ್ದವನ್ನು ಎಷ್ಟು ದೂರ ಎಸೆಯುತ್ತಾನೆ ಅನ್ನುವುದರ ಮೇಲೆ ಆಗಿನ ಮೈಕಿನವನ ಮರ್ಯಾದೆ. ಕತ್ರಿಗುಪ್ಪೆಯಲ್ಲಿ ಹಾಡು ಹಾಕಿದರೆ ಹೊಸಕೆರೆಹಳ್ಳಿಯ ಎಮ್ಮೆಗಳು ತಲೆ ಎತ್ತಿ ನೋಡಬೇಕು, ನೋಡುತ್ತಿದ್ದವು ಕೂಡ. ಆಮೇಲೆ ಆಳೆತ್ತರದ ಪೆಟ್ಟಿಗೆಗಳ ಡಿಜೆ ಬಂತು. ಕಲ್ಯಾಣ ಮಂಟಪದವರು ತಮ್ಮದೇ ಸೆಟ್ಟು ಕೂರಿಸಿಕೊಂಡರು. ನನ್ನ ಕಹಳೆಗಳು ಗುಜರಿಗೆ ಹೋದವು, ಅಂಗಡಿಯ ಷಟರು ಕೆಳಗಿಳಿಯಿತು, ನಾನು ಮನೆಗೆ ಬಂದೆ.

ಕೆಲಸವಿಲ್ಲದ ಗಂಡಸು ಮನೆಯಲ್ಲಿದ್ದರೆ ಬೀಸುವ ಕಲ್ಲನ್ನು ನಡುಮನೆಯಲ್ಲಿ ಇಟ್ಟ ಹಾಗೆ. ಎಲ್ಲರೂ ಎಡವುತ್ತಾರೆ, ಅದು ಮಾತ್ರ ಅಲ್ಲಾಡುವುದಿಲ್ಲ. ನನ್ನ ಹೆಂಡತಿ ಪಂಕಜ ಬಹಳ ದಿನ ಎಡವಿದಳು. ಕುಕ್ಕರಿನ ವಿಶಲ್ಲು ಶ್ರುತಿ ತಪ್ಪಿದೆ ಎಂದು ಒಮ್ಮೆ ನಾನೇ ಅದನ್ನು ಬಿಚ್ಚಿ ಸರಿಮಾಡಿದೆ. ಆ ದಿನ ಬೇಳೆ ಸೂರಿನಲ್ಲಿ ಬೆಂದಿತು. ಅದಾದ ಮೇಲೆ ಅಡುಗೆಮನೆಯ ಹೊಸ್ತಿಲು ನನಗೆ ನಿಷಿದ್ಧವಾಯಿತು. ಹಗಲೆಲ್ಲ ಜಗಲಿಯ ಮೇಲೆ ಕುಳಿತು, ಹೋಗುವ ಬರುವ ಗಾಡಿಗಳ ಸೈಲೆನ್ಸರು ಸರಿಯಿಲ್ಲ ಎಂದು ನನ್ನಷ್ಟಕ್ಕೆ ತೀರ್ಪು ಕೊಡುತ್ತಿದ್ದೆ. ಪೇಪರು ಓದುತ್ತ ನಿದ್ದೆ ಹೋಗುವುದನ್ನು ಕಲಿತೆ. ಗುರುವಿಲ್ಲದೆ ನಾನು ಕಲಿತ ಕೊನೆಯ ವಿದ್ಯೆ ಅದೇ ಆಗುತ್ತಿತ್ತು.

ಇಂಥ ಹೊತ್ತಿನಲ್ಲಿ ಸಿದ್ದಾರೂಢ ಎಂಬ ಗದಗಿನ ಕಡೆಯವರು, ತಮ್ಮ ತಂದೆ ಇಟ್ಟುಕೊಂಡಿದ್ದ ಹಳೆಯ ಆಂಪ್ಲಿಫೈಯರನ್ನು ರಿಪೇರಿಗೆಂದು ಹಿಡಿದುಕೊಂಡು ನನ್ನ ಮನೆ ಹುಡುಕಿ ಬಂದರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗೆ ಇದ್ದು, ಅಲ್ಲೇ ಒಂದು ಆಸ್ಪತ್ರೆಯ ಆಫೀಸಿನಲ್ಲಿ ಕೆಲಸ. ಮಾತಿಗೆ ಮಾತು ಬಂದು, ಹುಳಿಮಾವಿನಲ್ಲಿ ಸ್ವಂತ ಮನೆ ತೆಗೆದುಕೊಂಡಿರುವುದನ್ನೂ ಅದರಲ್ಲಿ ಒಂದು ಕೋಣೆಯನ್ನು ಸಿನಿಮಾಕ್ಕೆಂದೇ ಬಿಟ್ಟಿರುವುದನ್ನೂ ಹೇಳಿದರು. ತಾಯಿ ರೇಣುಕವ್ವನಿಗೆ ಸಿನಿಮಾ ಎಂದರೆ ಜೀವ. ಮಂಡಿನೋವಿನಿಂದ ಟಾಕೀಸಿನ ಮೆಟ್ಟಿಲು ಹತ್ತುವುದು ಬಿಟ್ಟಿದ್ದಾರೆ. ಅದಕ್ಕೇ ಮನೆಯಲ್ಲೇ ಗೋಡೆ ತುಂಬ ಚಿತ್ರ, ಸುತ್ತಲೂ ಶಬ್ದ ಬರುವ ಹಾಗೆ ಮಾಡಿಸಬೇಕು. ಮಾಡುವವರು ಯಾರಾದರೂ ಗೊತ್ತೇ ಎಂದು ಕೇಳಿದರು.

ನನ್ನ ಬಾಯಿಗೂ ಮಿದುಳಿಗೂ ನಡುವೆ ದೇವರು ಫ್ಯೂಸು ಹಾಕಿಲ್ಲ. ನಾನೇ ಮಾಡಿಕೊಡುತ್ತೇನೆ ಎಂದುಬಿಟ್ಟೆ.

"ಅಂಕಲ್, ನೀವ ಮಾಡಿದ್ದು ಎಲ್ಲೆರ ನೋಡಾಕ ಸಿಗತೈತೇನ್ರಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ನಮ್ಮ ಮನೇಲೇ ಇದೆಯಲ್ಲ. ಮಹಡಿ ಮೇಲೆ," ಎಂದೆ. "ಈಗ ಸ್ವಲ್ಪ ಬಣ್ಣದ ಕೆಲಸ ನಡೀತಿದೆ. ಸಂಕ್ರಾಂತಿ ಆದಮೇಲೆ ಅಮ್ಮನ್ನೂ ಕರ್ಕೊಂಡು ಬನ್ನಿ."

ಮಹಡಿಯ ಮೇಲೆ ಇದ್ದದ್ದು ಪಂಕಜಳ ಹಪ್ಪಳದ ಡಬ್ಬಗಳು, ಒಂದು ಮುರಿದ ಮಂಚ, ಹಳೆಯ ಜಮಖಾನಗಳು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವಳು, ಅವರು ಹೋದ ಮೇಲೆ ಬಂದು, ಹಪ್ಪಳಕ್ಕೆ ಟಿಕೇಟು ಎಷ್ಟು ಇಡುತ್ತೀರಿ ಎಂದು ಕೇಳಿದಳು.

ಸುಳ್ಳು ಹೇಳಿದ ಮೇಲೆ ಅದಕ್ಕೊಂದು ಸೂರು ಕಟ್ಟಬೇಕಲ್ಲ. ಜಯನಗರದಲ್ಲಿ ಬಾಗಿಲು ಹಾಕಿದ ಒಂದು ಟ್ಯೂಷನ್ ಸೆಂಟರಿನವರಿಂದ ಹಳೆಯ ಪ್ರೊಜೆಕ್ಟರು ತಂದೆ. ಸ್ಪೀಕರುಗಳಿಗೆ ಪೆಟ್ಟಿಗೆಯನ್ನು ನಾನೇ ಹೊಡೆದೆ, ತಂತಿಯನ್ನು ನಾನೇ ಎಳೆದೆ. ಹೇಗೆ ಇಡಬೇಕು ಎನ್ನುವುದಕ್ಕೆ ಫೋನಿನಲ್ಲಿ ವಿಡಿಯೋ ನೋಡಿದೆ. ಇಂಗ್ಲಿಷು ನನಗೆ ಎಮ್ಮೆಗೆ ವೀಣೆ ಎಷ್ಟೋ ಅಷ್ಟು. ಆದರೆ ಚಿತ್ರ ಅರ್ಥವಾಗುತ್ತದೆ. ಎಲ್ಲ ಚಿತ್ರಗಳಲ್ಲೂ ಒಂದೇ ಕೋಣೆ: ಎದುರಿಗೆ ಪರದೆ, ಕೋಣೆಯ ನಟ್ಟನಡುವೆ ಒಂದು ಆಸನ, ಅದರ ಮೇಲೆ ಒಬ್ಬನೇ ಮನುಷ್ಯ. ಅವನ ಮೂಗಿನ ನೇರಕ್ಕೆ, ಪರದೆಯ ಕೆಳಗೆ, ಮಾತು ಬರುವ ಸ್ಪೀಕರು. ಪರದೆಯ ಎಡಕ್ಕೊಂದು, ಬಲಕ್ಕೊಂದು. ಅವನ ಕಿವಿಗಿಂತ ಸ್ವಲ್ಪ ಹಿಂದೆ, ಸ್ವಲ್ಪ ಮೇಲೆ, ಎರಡೂ ಪಕ್ಕದ ಗೋಡೆಗೆ ಒಂದೊಂದು. ಮಳೆ, ಗಾಳಿ, ಕುದುರೆ ಓಡುವುದು ಇವೆಲ್ಲ ಅಲ್ಲಿಂದ ಬರಬೇಕು. ಐದರಿಂದಲೂ ಬಾಣದ ಗುರುತುಗಳು ಹೊರಟು ಆ ಒಬ್ಬ ಮನುಷ್ಯನ ತಲೆಗೆ ಬಂದು ನಾಟುತ್ತಿದ್ದವು. ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಅದೇ ಚಿತ್ರ ಬರೆದು, ನಡುವೆ ನನ್ನ ಬೆತ್ತದ ಕುರ್ಚಿ ಇಟ್ಟು ಕುಳಿತೆ. ಜೀವಮಾನವೆಲ್ಲ ಊರಿಗೆ ಕೇಳಿಸಿದವನು, ಈಗ ಊರೇ ಬಂದು ನನ್ನ ಕಿವಿಗೆ ಹೇಳಲಿ ಎಂದು.

ಪ್ರೊಜೆಕ್ಟರು ಮೊದಲ ದಿನವೇ ನನ್ನ ಜುಟ್ಟು ಹಿಡಿಯಿತು. ಅದು ಹಿಂದಕ್ಕೆ ಹೋದಷ್ಟೂ ಚಿತ್ರ ದೊಡ್ಡದಾಗುತ್ತದೆ. ದೊಡ್ಡದಾಗಲಿ ಎಂದು ಹಿಂದಕ್ಕೆ ತಳ್ಳಿದೆ. ನಾಯಕನ ತಲೆ ಗೋಡೆಯ ಮೇಲೆ, ಸೊಂಟ ಕಿಟಕಿಯ ಮೇಲೆ, ಕಾಲು ಬಾಗಿಲ ಹೊರಗೆ ಹೋಯಿತು. ಚಾವಣಿಗೆ ನೇತುಹಾಕಿದೆ. ನಡುವೆ ಫ್ಯಾನು ಇದೆ ಅನ್ನುವುದು ಅದನ್ನು ತಿರುಗಿಸುವವರೆಗೆ ಹೊಳೆಯಲಿಲ್ಲ. ರೆಕ್ಕೆಯ ನೆರಳು ಬಿದ್ದು, ಪರದೆಯ ಮೇಲಿನವರನ್ನೆಲ್ಲ ಹುರುಳಿಕಾಯಿ ಹೆಚ್ಚಿದ ಹಾಗೆ ಹೆಚ್ಚತೊಡಗಿತು. ಉದ್ದನೆಯ ಪೈಪು ಹಾಕಿ ಕೆಳಗಿಳಿಸಿದರೆ, ಓಡಾಡುವವರ ತಲೆ ಮುಟ್ಟಿ ಆಶೀರ್ವಾದ ಮಾಡಿತು. ಮೊದಲ ಆಶೀರ್ವಾದ ಪಂಕಜಳಿಗೆ ಸಿಕ್ಕಿತು. ಅವಳು ಅದಕ್ಕೆ ತಿರುಗಿ ಕೊಟ್ಟದ್ದನ್ನು ಇಲ್ಲಿ ಬರೆಯುವಂತಿಲ್ಲ. ಕಡೆಗೆ ಹಿಂದಿನ ಗೋಡೆಗೆ ಹಲಗೆ ಹೊಡೆದು, ಫ್ಯಾನಿನ ರೆಕ್ಕೆಗಿಂತ ಒಂದು ಗೇಣು ಕೆಳಗೆ, ಆಳಿನ ತಲೆಗಿಂತ ಒಂದು ಗೇಣು ಮೇಲೆ ಕೂರಿಸಿದೆ. ಕಿಟಕಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದೆ.

ಆಮೇಲೆ ಸಬ್‌ವೂಫರು, ಅಂದರೆ ಗುಮ್ಮೆನ್ನುವ ದಪ್ಪ ಶಬ್ದದ ಪೆಟ್ಟಿಗೆ. ಅದನ್ನು ಮೂಲೆಯಲ್ಲಿಟ್ಟು ಹಾಕಿದ ಕೂಡಲೇ ಕೆಳಗೆ ಅಡುಗೆಮನೆಯ ಸ್ಟೀಲ್ ಡಬ್ಬಗಳು ಭಜನೆ ಶುರುಮಾಡಿದವು. ಎಲ್ಲಿಡಬೇಕು ಎಂದು ಕಂಡುಹಿಡಿಯಲು ವಿಡಿಯೋದವನು ಒಂದು ಉಪಾಯ ತೋರಿಸಿದ್ದ. ಪೆಟ್ಟಿಗೆಯನ್ನು ನಾವು ಕೂರುವ ಕುರ್ಚಿಯ ಮೇಲಿಟ್ಟು, ನಾವು ನೆಲದ ಮೇಲೆ ಅಂಬೆಗಾಲಿನಲ್ಲಿ ಹರಿಯುತ್ತ, ಎಲ್ಲಿ ಶಬ್ದ ಚೆನ್ನಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಬೇಕು. ಲೆಕ್ಕ ಸರಿಯಾಗಿದೆ. ಆದರೆ ಅವನಿಗೆ ನನ್ನ ವಯಸ್ಸಿರಲಿಲ್ಲ, ಪಂಚೆಯೂ ಇರಲಿಲ್ಲ. ನಾನು ಗೋಡೆಯ ಬುಡಕ್ಕೆ ಕಿವಿಯಿಟ್ಟು, ಹಿಂಭಾಗ ಮೇಲೆತ್ತಿ ಹರಿಯುತ್ತಿದ್ದಾಗ ಪಂಕಜ ಬಂದು ಬಾಗಿಲಲ್ಲಿ ನಿಂತಳು.

"ಏನ್ರೀ ಇದು, ಅದಕ್ಕೆ ಕುರ್ಚಿ, ನಿಮಗೆ ನೆಲ?"

ನಾನು ಅಲ್ಲಿಂದಲೇ ಶಾಸ್ತ್ರ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಸರಿ. ಮೂಸಿ ಮುಗಿದ ಮೇಲೆ ಕಾಫಿಗೆ ಬನ್ನಿ. ಲೋಟಕ್ಕೆ ಹಾಕ್ಲೋ, ತಟ್ಟೇಗೆ ಹಾಕ್ಲೋ?"

ಹೀಗೆ ಮೊಣಕಾಲು ತರಚಿಕೊಂಡು, ಅಂತೂ ಹಬ್ಬದ ಹೊತ್ತಿಗೆ ಕೆಲಸ ಮುಗಿಯಿತು. ಬೆತ್ತದ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದರೆ ಮಳೆ ಹೆಗಲ ಹಿಂದೆ ಸುರಿಯುತ್ತಿತ್ತು, ಮಾತು ಹಣೆಯ ನೇರಕ್ಕೆ ಬರುತ್ತಿತ್ತು. ನನ್ನ ಕಣ್ಣಲ್ಲಿ ನೀರೇ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು. ಪಂಕಜಳೂ ಒಂದು ಗಳಿಗೆ ಬಾಗಿಲಲ್ಲಿ ನಿಂತು ಕೇಳಿದಳು. ಚೆನ್ನಾಗಿದೆ ಅನ್ನಲಿಲ್ಲ, ಚೇಷ್ಟೆಯನ್ನೂ ಮಾಡಲಿಲ್ಲ.

"ಅವ್ರು ಬೇಡ ಅಂದ್ರೆ ಮತ್ತೆ ಮೊದಲಿನ ಹಾಗೆ ಜಗಲಿ ಮೇಲೆ ಕೂರ್ಬೇಡಿ," ಅಂದಳು. "ಅದನ್ನ ನೋಡಕ್ಕಾಗಲ್ಲ ನನಗೆ."

ನನ್ನ ಕೆಲಸ ಬೇಡ ಅನ್ನುವವರು ಇನ್ನೂ ಹುಟ್ಟಿಲ್ಲ ಎಂದೆ. ಆದರೆ ಅವಳು ಹೇಳಿದ್ದು ನಿಜ. ಈ ಒಂದು ಕೆಲಸ ಸಿಕ್ಕಿದರೆ ಅದನ್ನು ನೋಡಿ ಇನ್ನೊಬ್ಬರು ಕರೆಯುತ್ತಾರೆ, ಮತ್ತೆ ಟೂಲ್ಸ್ ಚೀಲ ಹೆಗಲಿಗೆ ಬರುತ್ತದೆ. ಸಿಗದಿದ್ದರೆ ನಾನು ಪೇಪರು ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆಯುವ ಅಂಕಲ್. ಅಷ್ಟೇ.

ಹಬ್ಬ ಕಳೆದ ಭಾನುವಾರ ಮಧ್ಯಾಹ್ನ ಸಿದ್ದಾರೂಢರು ತಾಯಿಯನ್ನು ಕರೆದುಕೊಂಡು ಬಂದರು. ರೇಣುಕವ್ವನ ಕೈಯಲ್ಲಿ ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಮೆಟ್ಟಿಲನ್ನು ಒಂದೊಂದಾಗಿ ಬೈಯುತ್ತ ಹತ್ತಿದರು. ಕೋಣೆಗೆ ಬಂದ ಕೂಡಲೇ ನಾನು ಸಿದ್ದಾರೂಢರಿಗೆ ನಡುವಿನ ಕುರ್ಚಿ ತೋರಿಸಿದೆ. ಅದು ಯಜಮಾನರು ಕೂರುವ ಕುರ್ಚಿ, ತಾವು ಹೇಗೆ ಕೂರುವುದು ಎಂದು ಅವರು ಎಡಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತರು. ರೇಣುಕವ್ವ ಬಲಗೋಡೆಗೆ ಒರಗಿ ಕಾಲು ನೀಡಿಕೊಂಡರು. ಪಂಕಜ, ಒಲೆಯ ಮೇಲೆ ಅವರೆಕಾಳು ಉಪ್ಪಿಟ್ಟಿಗೆ ಎಸರಿಟ್ಟು ಬಂದಿದ್ದರಿಂದ, ಬಾಗಿಲಿಗೆ ಆತುಕೊಂಡು ಕುಳಿತಳು. ಬಂದವರು ನೆಲದ ಮೇಲಿರುವಾಗ ನಾನೊಬ್ಬ ನಡುವೆ ಕುರ್ಚಿ ಹಾಕಿಕೊಂಡು ಮೆರೆಯಲು ನಾಚಿಕೆಯಾಗಿ ನಾನೂ ಹಿಂದಿನ ಗೋಡೆಗೆ ಸರಿದೆ. ಕುರ್ಚಿ ಖಾಲಿಯಾಗಿಯೇ ಉಳಿಯಿತು.

ದೊಡ್ಡ ಯುದ್ಧದ ದೃಶ್ಯವಿದ್ದ ಒಂದು ಚಿತ್ರ ಹಾಕಿದೆ. ರಾಜ ಮಂತ್ರಿ ಏನೋ ಗುಟ್ಟು ಮಾತಾಡುತ್ತಿದ್ದರು, ಸುತ್ತ ಕುದುರೆಗಳು ಓಡುತ್ತಿದ್ದವು. ನಾನು ಗೋಡೆಗೊರಗಿ ಅವರ ಮುಖದಲ್ಲಿ ಬೆರಗು ಹುಡುಕಿದೆ. ಸಿದ್ದಾರೂಢರು ಎಡಗಿವಿಯನ್ನು ಉಜ್ಜಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಸಬ್‌ವೂಫರಿನ ಪಕ್ಕ ಕುಳಿತಿದ್ದ ಪಂಕಜ ಎದೆ ಹಿಡಿದುಕೊಂಡಿದ್ದಳು. ರೇಣುಕವ್ವ ಮಾತ್ರ ಆಗಾಗ ಬೆನ್ನ ಹಿಂದೆ ತಿರುಗಿ ನೋಡುತ್ತಿದ್ದರು. ನೆತ್ತಿಯ ಮೇಲೇ ಬಲಗಡೆಯ ಸ್ಪೀಕರು.

"ಯಪ್ಪಾ, ಮಂದಿ ಎಲ್ಲಾ ಅಲ್ಲಿ ಮಾತಾಡಾಕತ್ತಾರ," ಎಂದರು. "ನನ್ನ ಕಿವ್ಯಾಗ ಬರೇ ಕುದುರಿ ಓಡ್ಯಾಡತಾವು."

ನಾನು ಓಡಿಹೋಗಿ, ದಯವಿಟ್ಟು ಒಂದು ಸಲ ನಡುವಿನ ಕುರ್ಚಿಯಲ್ಲಿ ಕೂರಿ ಎಂದು ಕೈಮುಗಿದೆ. ಅವರು ಮಂಡಿ ಹಿಡಿದು ಎದ್ದು, ಕುರ್ಚಿಯ ತುದಿಯಲ್ಲಿ ಕುಳಿತು, ಪರದೆ ನೋಡುವುದನ್ನು ಬಿಟ್ಟು ಒಮ್ಮೆ ಮಗನ ಕಡೆ, ಒಮ್ಮೆ ಪಂಕಜಳ ಕಡೆ ತಿರುಗುತ್ತ ಒದ್ದಾಡಿದರು.

"ಎಲ್ಲಾರಿಗೂ ಬೆನ್ನ ಮಾಡಿ ಒಬ್ಬಾಕಿನ ಹ್ಯಾಂಗ ಕುಂದರ್ಲಿ? ಕ್ಷೌರಕ್ಕ ಕುಂತಂಗ ಆಗತೈತಿ." ಎದ್ದು ಮತ್ತೆ ಗೋಡೆಗೇ ಹೋದರು.

ಆಗ ನನ್ನ ಬುರುಡೆಯೊಳಗೆ ಲೈಟು ಹತ್ತಿತು. ನಮ್ಮ ಮನೆಗಳಲ್ಲಿ ನಡುವೆ ಯಾರು ಕೂರುತ್ತಾರೆ? ಬಂದವರು ಗೋಡೆ ಹುಡುಕುತ್ತಾರೆ. ಬೆನ್ನಿಗೆ ಆಸರೆ ಬೇಕು, ಎಲ್ಲರ ಮುಖವೂ ಕಾಣಬೇಕು, ನಡುವೆ ತಟ್ಟೆ ಲೋಟ ಓಡಾಡಲು ಜಾಗ ಬೇಕು. ಸತ್ಯನಾರಾಯಣ ಪೂಜೆಯಿಂದ ಹಿಡಿದು ಸಾವಿನ ಮನೆಯವರೆಗೆ ನಾನು ಮೈಕು ಹಾಕಿದ ಪ್ರತಿಯೊಂದು ಹಜಾರದಲ್ಲೂ ಜನ ಹಾಗೇ ಕೂತದ್ದನ್ನು ನೋಡಿದ್ದೇನೆ. ನೋಡಿಯೂ, ಯಾವುದೋ ದೇಶದ ಒಂಟಿ ಮನುಷ್ಯನ ಚಿತ್ರವನ್ನು ಹೊಸಕೆರೆಹಳ್ಳಿಯ ನೆಲದ ಮೇಲೆ ಬರೆದೆ. ಆ ಮಧ್ಯಾಹ್ನ ಅಷ್ಟು ಒಳ್ಳೆಯ ಶಬ್ದ ಕೇಳಿ ಆನಂದಪಟ್ಟದ್ದು ಒಂದು ಬೆತ್ತದ ಕುರ್ಚಿ.

ಸೋತವನಿಗೆ ಇನ್ನೇನು ಎಂದು ಒಂದು ಗುಂಡಿ ಒತ್ತಿದೆ. ಐದು ಸ್ಪೀಕರಿನಲ್ಲೂ ಒಂದೇ ಶಬ್ದ ಬರುವಂತೆ ಮಾಡುವ ಗುಂಡಿ ಅದು. ಸುತ್ತಲಿಂದ ಶಬ್ದ ತರುವ ವಿದ್ಯೆ ಬಲ್ಲವರಿಗೆ ಅದನ್ನು ಒತ್ತುವುದು ಪಾಯಸಕ್ಕೆ ಸಾರು ಸುರಿದಷ್ಟು ಪಾಪ. ಯುದ್ಧ ತೆಗೆದು, ಅತ್ತೆ ಸೊಸೆ ಜಗಳದ ಒಂದು ನಗೆಚಿತ್ರ ಹಾಕಿದೆ. ಪಂಕಜ ಉಪ್ಪಿಟ್ಟು ತಂದಳು, ರೊಟ್ಟಿಯ ಗಂಟು ಬಿಚ್ಚಿತು. ರೇಣುಕವ್ವ ಒರಗಿದಲ್ಲೇ ಪ್ರತಿ ಮಾತನ್ನೂ ಕೇಳಿಸಿಕೊಂಡು, ಅತ್ತೆಯ ಪರವಾಗಿ ಪಂಕಜಳ ಜೊತೆ ವಾದಕ್ಕೆ ಇಳಿದರು. ಪಂಕಜ ಸೊಸೆಯ ಪರ. ಸಿನಿಮಾದಲ್ಲಿ ಜಗಳ ಮುಗಿದ ಮೇಲೂ ಇವರದು ನಡೆಯಿತು. ನನಗೆ ಅದು ಯಾವುದೂ ಹಿತವಾಗಲಿಲ್ಲ. ಇಷ್ಟೆಲ್ಲ ಹರಿದಾಡಿ ಕಡೆಗೆ ಮಾಡಿದ್ದು ಮತ್ತೊಂದು ಮದುವೆಮನೆಯ ಮೈಕು ಎಂದು ತಟ್ಟೆ ನೋಡುತ್ತ ಕುಳಿತಿದ್ದೆ.

ಹೊರಡುವಾಗ ಸಿದ್ದಾರೂಢರು ಚಪ್ಪಲಿ ಮೆಟ್ಟುತ್ತ, "ಚಲೋ ಐತ್ರಿ ಅಂಕಲ್. ವಿಚಾರ ಮಾಡಿ ಹೇಳ್ತೀನ್ರಿ," ಎಂದರು.

ಈ ಮಾತಿಗೆ ಬೀದರಿನಿಂದ ಚಾಮರಾಜನಗರದವರೆಗೂ ಒಂದೇ ಅರ್ಥ. ಅವತ್ತು ಸಂಜೆ ಜಮಖಾನ ಬಿಚ್ಚಿದೆ. ಸ್ಪೀಕರು ಕಳಚಲು ಕೈ ಬರಲಿಲ್ಲ. ಮಾರನೆಯ ದಿನದಿಂದ ಪೇಪರು, ಜಗಲಿ. ಪಂಕಜ ಪಕ್ಕದಲ್ಲಿ ಕಾಫಿ ಇಟ್ಟು ಹೋಗುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯದೆ ಇರುವುದೇ ನನ್ನ ಬೆಲೆ ಇಳಿದದ್ದಕ್ಕೆ ಗುರುತು.

ಒಂದು ಬೆಳಿಗ್ಗೆ ಫೋನು ಬಂತು. ಸಿದ್ದಾರೂಢರ ನಂಬರು, ದನಿ ರೇಣುಕವ್ವನದು. ಮಗ ತನ್ನನ್ನು ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋಗಿದ್ದನೆಂದು ಶುರುಮಾಡಿದರು. ಅಲ್ಲಿ ಕತ್ತಲ ಕೋಣೆಯ ನಡುವೆ ಸಾಲಾಗಿ ಮೆತ್ತನೆಯ ಕುರ್ಚಿಗಳು. ಅದರಲ್ಲಿ ಕೂರಿಸಿ ಒಬ್ಬ ಗುಂಡಿ ಒತ್ತಿದನಂತೆ, ಕುರ್ಚಿ ತಾನಾಗಿ ಹಿಂದಕ್ಕೆ ಬಾಗಿ ಇವರನ್ನು ಅಂಗಾತ ಮಲಗಿಸಿಬಿಟ್ಟಿತಂತೆ.

"ನಮ್ಮಾಗ ಸತ್ತವರನ್ನೂ ಕುಂದರಿಸಿ ಕಳಸ್ತಾರ ಅಣ್ಣಾರ. ಇವರು ಜೀವ ಇದ್ದಾಕಿನ್ನ ಮಲಗಿಸಿದ್ರು. ಎದ್ದು ಬಂದುಬಿಟ್ಟೆ." ಆಮೇಲೆ ವಿಷಯಕ್ಕೆ ಬಂದರು: "ನಿಮ್ಮ ಮನ್ಯಾಗ ಕಡೀಕ ಒಂದು ಹಾಕಿದ್ರಲ್ಲ, ನನಗ ಎಲ್ಲಾ ಮಾತೂ ಕೇಳಿಸ್ತು. ಹಂಗ ಮಾಡಿಕೊಡ್ರಿ. ನನ್ನ ಮಗಗ ನಾ ಹೇಳ್ತೀನಿ."

ಪಂಕಜಳನ್ನು ಕೂಗಿ ಹೇಳಿದೆ. ಅವಳು ಒಳಗಿನಿಂದಲೇ, ಹೋಗುವ ಮೊದಲು ಗಡ್ಡ ಹೆರೆದುಕೊಳ್ಳಿ ಎಂದಳು. ನನ್ನ ಬೆಲೆ ಮತ್ತೆ ಏರಿತ್ತು.

ಹೊಸ ಮನೆ ನೋಡಲು ಪಂಕಜಳೂ ನನ್ನ ಜೊತೆ ಬಂದಳು. ಹುಳಿಮಾವಿನ ಆ ಕೋಣೆಯಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಸಿದ್ದಾರೂಢರು ಫೋನಿನಲ್ಲಿ ಅದೇ ಚಿತ್ರ, ನಟ್ಟನಡುವಿನ ಆಸನ, ಬಾಣಗಳು ಎಲ್ಲ ತೋರಿಸಿದರು. ಅಲ್ಲೊಂದು ಸೋಫಾ ಬರಲೇಬೇಕೆಂದು ಅವರ ಹಟ. ನಾನು ವಾದ ಮಾಡಲಿಲ್ಲ. ಈ ಮನೆಯಲ್ಲಿ ಸಿನಿಮಾ ನೋಡುವವರೆಲ್ಲ ಬಂದು, ಸಿನಿಮಾ ನಡೆಯುತ್ತಿದೆ ಎಂದುಕೊಂಡು, ಮನಸ್ಸಿಗೆ ಬಂದಲ್ಲಿ ಸುಮ್ಮನೆ ಕೂರಿ ಎಂದೆ. ರೇಣುಕವ್ವ ಬಲಗೋಡೆಗೆ ಕಾಲು ನೀಡಿದರು. ಸಿದ್ದಾರೂಢರ ಹೆಂಡತಿ ರಾಜಶ್ರೀ, ಹಾಲು ಕಾಯಲು ಇಟ್ಟಿದ್ದರಿಂದ, ಬಾಗಿಲ ಪಕ್ಕದ ಗೋಡೆ ಹಿಡಿದರು. ನಡುವೆ ಸೋಫಾ ಬೇಕೆಂದ ಸಿದ್ದಾರೂಢರು ಎರಡು ಹೆಜ್ಜೆ ನಡೆದು, ಫೋನು ಚಾರ್ಜಿಗೆ ಹಾಕಿ, ಆ ಪ್ಲಗ್ಗಿನ ಪಕ್ಕದಲ್ಲೇ ಗೋಡೆಗೆ ಒರಗಿ ಕುಳಿತರು. ಕುಳಿತ ಮೇಲೆ ತಾವು ಎಲ್ಲಿ ಕುಳಿತಿದ್ದೇವೆಂದು ನೋಡಿಕೊಂಡು, ತಾಯಿಯ ಕಡೆ ತಿರುಗದೆ ನಕ್ಕರು.

ನಾನು ಒಬ್ಬೊಬ್ಬರ ಬೆನ್ನ ಹಿಂದೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಬೆನ್ನಿಲ್ಲದ ಕಡೆ, ಮೂಲೆಗಳಲ್ಲಿ, ಎತ್ತರಕ್ಕೆ ಸ್ಪೀಕರು. ಯಾರ ಕಿವಿಗೂ ನೇರ ಗುದ್ದದ ಹಾಗೆ ಅವುಗಳ ಮುಖ ಎದುರುಗೋಡೆಯ ಕಡೆಗೆ. ಮಾತಿನ ಸ್ಪೀಕರು ಒಂದಲ್ಲ, ಪರದೆಯ ಎರಡೂ ಪಕ್ಕಕ್ಕೆ ಒಂದೊಂದು. ವಿಡಿಯೋದವನು ನೋಡಿದರೆ ಎದೆ ಬಡಿದುಕೊಳ್ಳುತ್ತಾನೆ. ಬಡಿದುಕೊಳ್ಳಲಿ, ಅವನು ಇಲ್ಲಿಗೆ ಉಪ್ಪಿಟ್ಟಿಗೆ ಬರುವವನಲ್ಲ.

ಡ್ರಿಲ್ಲಿಂಗ್ ಮಷೀನು ತೆಗೆಯುವಷ್ಟರಲ್ಲಿ ರೇಣುಕವ್ವ ತಡೆದರು. "ಯಜಮಾನ್ರ, ಮೊದಲನೇ ಸಿನಿಮಾಕ್ಕ ನೀವು, ಪಂಕಜಕ್ಕ ಬರೂದಿಲ್ಲೇನು? ನೀವೂ ಕುಂದರ್ರಿ. ನಿಮ್ಮ ಬೆನ್ನಿಗೂ ಗುರುತು ಹಾಕ್ರಿ."

ಕುಳಿತೆ. ಪಂಕಜ ಸೀಮೆಸುಣ್ಣವನ್ನು ನನ್ನ ಕೈಯಿಂದ ಕಿತ್ತುಕೊಂಡು ಗೆರೆ ಎಳೆದಳು. ಎದ್ದು ತಿರುಗಿ ನೋಡಿದರೆ ಇಬ್ಬರು ಆರಾಮವಾಗಿ ಕೂರುವಷ್ಟು ಅಗಲ. ಇಷ್ಟು ಯಾಕೆ, ನಾನೇನು ಅಷ್ಟು ದಪ್ಪವೇ ಎಂದೆ.

"ನಿಮಗೆ ಅರ್ಧ ಸಾಕು," ಅಂದಳು. "ನಿಮ್ಮ ಜಂಬಾನೂ ಪಕ್ಕದಲ್ಲಿ ಕೂರ್ಬೇಕಲ್ಲ."